ಹಂಡೆ ಪಾಲಾದ ಸ್ನಾನದ ಬಿಲ್ಲೆಗಳು

೧೮ ಏಪ್ರಿಲ್ ೨೦೧೬, ಸೋಮವಾರ

ಸಾಕಾಯಿತು ನನಗೆ. ಶಾರ್ಜಾದ ಏಸಿಯಲ್ಲಿ ನಾದಿನಿ ನಿಶ್ಮಿತಾಳ ಮೈ ಒಡೆಯುತ್ತದೆಂದು, ಪುನರ್ಪುಳಿ (ಕೋಕಂ) ಬೀಜದ ತುಪ್ಪವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿ, ಇಡ್ಲಿ ತಟ್ಟೆಗೆ ಹೊಯ್ದು ಸ್ನಾನದ ಬಿಲ್ಲೆ ಮಾಡಿದ್ದೆ. ಈ ಸೆಕೆಗೆ ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯಾಗಲು ಸತಾಯಿಸಿದವು. ನಾಳೆ ಅವಳ ವಿಮಾನ. ಇವತ್ತು ಸಂಜೆ ಅತ್ತೆ ಅಷ್ಟನ್ನೂ ಬಚ್ಚಲಿನ ಹಂಡೆಗೆ ಹಾಕಿಬಿಟ್ಟಿದ್ದಾರೆ!

“ಬಿಸಿನೀರಿಗೆ ಹಾಕುವುದು ಅಂತ ನೀನೇ ಹೇಳಿದ್ದಲ್ವಾ?”

ಒಂದು ಬಕೆಟಿಗೆ ಒಂದೇ ಸಾಕೆಂದು ನಾನು ಹೇಳಲಿಲ್ಲವಂತೆ. ತಪ್ಪು ನನ್ನದೇ!

ಮಾವ ಮಿಂದು ಬಂದು, “ಇವತ್ತು ನೀರು ಭಾರೀ ಲಾಯ್ಕ ಉಂಟು” ಎಂದರು.

ಹುಣಸೆಹುಳಿ, ಬೂದಿ ಹಾಕಿ ಹಂಡೆ ತಿಕ್ಕಿದ್ದೇ ತಿಕ್ಕಿದ್ದು. ಜಿಡ್ಡು ಇನ್ನೂ ಹೋಗಿಲ್ಲ. ನಿಶ್ಮಿತಾಳ ಪೆಟ್ಟಿಗೆಯಲ್ಲಿ ಬಿಲ್ಲೆಗೆಂದು ಬಿಟ್ಟಿದ್ದ ಜಾಗಕ್ಕೆ ಅತ್ತೆ ಉಪ್ಪಿನಕಾಯಿ ತುರುಕಿದ್ದಾರೆ.

ನನ್ನ ಅಂಗೈ ಮಾತ್ರ, ಹಾಳಾದ್ದು, ಬೆಣ್ಣೆಯ ಹಾಗೆ ಮೆತ್ತಗಾಗಿದೆ.