ರೇಡಿಯೇಟರಿನ ತಳದಲ್ಲಿ ಸಿಕ್ಕ ಕಲ್ಲುರಾಡಿ

ಅಪ್ಪಾ,

ಕ್ಷೇಮವೇ ಅಂತ ಕೇಳುವುದಿಲ್ಲ. ಸತ್ತು ನಾಲ್ಕು ವರ್ಷವಾದವನ ಕ್ಷೇಮ ಕೇಳುವಷ್ಟು ಸಮಾಧಾನ ಈಗ ನನಗಿಲ್ಲ. ಒಂದು ವಾರದಿಂದ ನಿನ್ನ ಮೇಲೆ ಸಿಟ್ಟಿದೆ. ನೀನು ಎದುರಿಗಿದ್ದಿದ್ದರೆ ಕೂಗಾಡಿ ಮುಗಿಸಿಬಿಡುತ್ತಿದ್ದೆ. ಅದಕ್ಕೂ ಅವಕಾಶ ಇಡಲಿಲ್ಲ ನೀನು.

ಕಳೆದ ಸೋಮವಾರ ನಾನು ಕೆಲಸ ಮಾಡುವ ವಾಡಿಯ ಗ್ಯಾರೇಜಿಗೆ ಒಂದು ಕರಿ ಅಂಬಾಸಿಡರ್ ಉಗಿ ಕಾರುತ್ತ ಬಂದು ನಿಂತಿತು. ಬಾನೆಟ್ ಎತ್ತುವ ಮೊದಲೇ ಗುರುತು ಹಿಡಿದೆ. ಶಹಾಬಾದಿನ ಸಾಹುಕಾರರ ಗಾಡಿ, ನೀನು ಹನ್ನೊಂದು ವರ್ಷ ಓಡಿಸಿದ ಗಾಡಿ. ಊರು ದಾಟಿದರೆ ಸಾಕು ಕುದಿಯುತ್ತದಂತೆ. ಒಬ್ಬ ಫ್ಯಾನ್ ಬೆಲ್ಟ್ ಬದಲಿಸಿದ್ದ, ಇನ್ನೊಬ್ಬ ವಾಟರ್ ಪಂಪ್ ಬದಲಿಸಿದ್ದ, ಮೂರನೆಯವ ಥರ್ಮೋಸ್ಟಾಟನ್ನೇ ಕಿತ್ತು ಎಸೆದಿದ್ದ. ನಾನು ಅದನ್ನು ಮುಟ್ಟುವುದೇ ಬೇಡ ಅಂದುಕೊಂಡೆ. ನಿನ್ನ ಮುಖಕ್ಕೆ ಮಸಿ ಬಳಿದ ಗಾಡಿ ಅಲ್ಲವೇ ಅದು?

ಆ ಬೇಸಿಗೆ ನೆನಪಿದೆಯೇ? ರಾಜ್ಯದ ಹೆಸರು ಕರ್ನಾಟಕ ಅಂತಾದ ಮರುವರ್ಷ. ಸಾಹುಕಾರರ ಮಗಳನ್ನು ನೋಡಲು ಬರುವ ಬೀಗರನ್ನು ಚಿಂಚೋಳಿ ಪಕ್ಕದ ಚಂದಾಪುರದಿಂದ ನೀನೇ ಕರೆತರುತ್ತಿದ್ದೆ. ಸೇಡಂ ದಾಟಿ ಚಿತ್ತಾಪುರದ ದಾರಿಯಲ್ಲಿ, ನಡು ಮಧ್ಯಾಹ್ನ, ಇಂಜಿನ್ ಕಾದು ಕಚ್ಚಿಕೊಂಡು ನಿಂತಿತು. ರೇಷ್ಮೆ ಉಟ್ಟ ಹೆಂಗಸರು ಜಾಲಿಗಿಡದ ಕೆಳಗೆ ಎರಡು ತಾಸು ಬೆವರು ಒರೆಸುತ್ತ ನಿಂತರಂತೆ. ಸಂಜೆ ಸಾಹುಕಾರರು ಬೀಗರೆದುರಿಗೇ ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. “ನೀರು ನೋಡದೇ ಗಾಡಿ ಹೊಡದಿ? ಕಣ್ಣ ಎಲ್ಲಿಟ್ಟಿದ್ದೆಲೇ?” ನೀನು ಕೈ ಮುಗಿದೆ. “ತಪ್ಪಾಗ್ಯಾದ್ರಿ ಧಣಿ.” ಅಷ್ಟೇ ಮಾತು. ಇಪ್ಪತ್ತು ವರ್ಷದ ನಾನು ಗೇಟಿನಲ್ಲಿ ನಿಂತು ಎಲ್ಲ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಅಂದಿನಿಂದ ನಿನ್ನ ಕೈಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಶಹಾಬಾದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ “ನೀರು ನೋಡದ ಡ್ರೈವರ್” ಅಂತ ಹೆಸರು ಬಿತ್ತು. ನಿನ್ನ ಗೆಳೆಯ ಇಮಾಮ್ ಚಾಚಾ ಕೂಡ ಹಾಗೇ ಕರೆದು ನಗುತ್ತಿದ್ದ. ನೀನು ಹೋಗಿ ಅದೇ ಸಾಹುಕಾರರ ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎತ್ತಿದೆ, ಕೆಮ್ಮಿದೆ, ಸತ್ತೆ. ಅಂಗಳದಲ್ಲಿ ನಿನ್ನನ್ನು ಬೈದ ತಿಂಗಳೇ ವಾಡಿಯ ಗ್ಯಾರೇಜಿನ ಉಸ್ತಾದ್ ನನ್ನನ್ನು ಕೆಲಸಕ್ಕೆ ಕರೆದಾಗ ನಾನು ಓಡಿಹೋದೆ. ನಿನ್ನ ನೆರಳಿನಿಂದ ಪಾರಾದೆ ಅಂತ ಹಿಗ್ಗಿದೆ. ಹೊರಡುವ ದಿನ ಏನಂದೆ ಗೊತ್ತಲ್ಲ? “ಒಂದ್ ಚರಗಿ ನೀರು ನೋಡ್ಲಿಕ್ಕಾಗ್ಲಿಲ್ಲೇನು ನಿನಗ?” ನೀನು ರೊಟ್ಟಿ ಮುರಿಯುತ್ತ ಕುಳಿತಿದ್ದೆ. ತಲೆ ಎತ್ತಲಿಲ್ಲ.

ನನಗಾದರೂ ಬುದ್ಧಿ ಬೇಡವೇ? ದಿನಾ ಬೆಳಿಗ್ಗೆ ರೇಡಿಯೇಟರಿನಲ್ಲಿ ಬೆರಳದ್ದಿ ನೀರಿನ ರುಚಿ ನೋಡುತ್ತಿದ್ದವನು ನೀನು. ಊರ ಬಾವಿಗಳ ನೀರೆಲ್ಲ ಸುಣ್ಣ ಅಂತ ಕಾಗಿಣಾ ಹೊಳೆಯಿಂದ ಡಬ್ಬಿಯಲ್ಲಿ ನೀರು ಹೊರುತ್ತಿದ್ದೆ. “ಹೆಣ್ತಿಗಿ ಬಾವಿ ನೀರು, ಗಾಡಿಗಿ ಹೊಳಿ ನೀರು. ಅದನ್ನೇ ಕಟ್ಕೋಬೇಕಿತ್ತು ನೀ” ಅಂತ ಅವ್ವ ಕಿಚಾಯಿಸುತ್ತಿದ್ದಳು. ಅಂಥವನು ನೀರು ನೋಡಲಿಲ್ಲ ಅಂದರೆ ನಾನು ನಂಬಿದೆನಲ್ಲ…

ಸೋಮವಾರ ಕೊನೆಗೂ ಇಂಜಿನ್ ಶುರು ಮಾಡಿ ಹತ್ತು ನಿಮಿಷ ಬಿಟ್ಟೆ. ಮೇಲಿನ ಪೈಪು ಕೈ ಸುಡುತ್ತಿತ್ತು, ರೇಡಿಯೇಟರಿನ ಕೆಳಭಾಗ ತಣ್ಣಗಿತ್ತು. ಅಂದರೆ ನೀರು ತಿರುಗುತ್ತಿಲ್ಲ. ಆರಿದ ಮೇಲೆ ತಳದ ಬಿರಡೆ ಬಿಚ್ಚಿದೆ. ಒಂದು ಹನಿ ಬೀಳಲಿಲ್ಲ. ತಂತಿ ಹಾಕಿ ಕೆದಕಿದಾಗ ಬೂದು ಬಣ್ಣದ ರಾಡಿ ಬಂತು. ಇಂಜಿನ್ನಿನ ಮೇಲ್ಮುಚ್ಚಳ, ಹೆಡ್ಡನ್ನು ಬಿಚ್ಚಿದೆ. ಗ್ಯಾಸ್ಕೆಟ್ ಸುಟ್ಟು, ನೀರು ಸೇರಿದ ಆಯಿಲ್ ಹಾಲು ಹಾಕಿದ ಚಹಾದಂತಾಗಿತ್ತು. ಸಿಲಿಂಡರಿನ ಸುತ್ತ ನೀರು ಹರಿಯುವ ಜಾಗದಲ್ಲಿ ಉಳಿ ಹಾಕಿ ಬಡಿಯಬೇಕಾಯಿತು. ಮೇಲೆ ತುಕ್ಕು, ಅದರ ಕೆಳಗೆ ಸುಣ್ಣದ ಪೊರೆ, ಎಲ್ಲದರ ಕೆಳಗೆ ಬೆರಳು ದಪ್ಪದ ಹಳೇ ಕಲ್ಲು. ಪುಡಿ ಮಾಡಿ ಉಜ್ಜಿದರೆ ನುಣ್ಣಗೆ ಹೊಳೆಯಿತು. ಶಹಾಬಾದಿನವರಿಗೆ ಅದನ್ನು ಹೇಳಿಕೊಡಬೇಕೇ? ಫರ್ಸಿ ಪಾಲಿಶ್ ಮಾಡಿ ತೊಳೆದ ನೀರಿನ ರಾಡಿ! ಅದು ಒಂದು ದಿನ ಹಾಕಿದ್ದಲ್ಲ. ತಿಂಗಳುಗಟ್ಟಲೆ ಹಾಕಿದ್ದು. ಆ ಬೇಸಿಗೆ ರಿಪೇರಿ ಮಾಡಿದವರು ಪಿಸ್ಟನ್ ಬದಲಿಸಿ ಕೈ ತೊಳೆದುಕೊಂಡಿದ್ದಾರೆ, ನೀರಿನ ದಾರಿ ನೋಡಿಯೇ ಇಲ್ಲ.

ಬುಧವಾರ ಸಾಹುಕಾರರನ್ನು ಗ್ಯಾರೇಜಿಗೇ ಕರೆಸಿದೆ. ಕೋಲೂರಿಕೊಂಡು ಬಂದರು. ರಾಡಿಯ ಹೆಂಟೆಯನ್ನು ಅವರ ಅಂಗೈಯಲ್ಲಿಟ್ಟೆ.

“ಇದೇನ್ರಿ ಇದು?”

“ಪಾಲಿಶ್ ತೊಟ್ಟಿ ನೀರಿಂದು,” ಅಂದರು, ಸರಾಗವಾಗಿ. “ಆ ಬ್ಯಾಸಿಗಿ ಹೊಳಿನೂ ಬಾವಿನೂ ಬತ್ತಿದ್ವು. ಗಾಡಿ ತೊಳಿಲಿಕ್ಕೂ ತುಂಬಲಿಕ್ಕೂ ಅದನೇ ಹಾಕು ಅಂತ ವಾಚಮನ್‌ಗ ನಾನೇ ಹೇಳಿದ್ದೆ. ರಾಡಿ ತಳಕ್ಕ ಕುಂತು ಮ್ಯಾಲ ತಿಳಿ ಕಾಣ್ತಿತ್ತು.”

“ನಮ್ಮಪ್ಪಗ ಗೊತ್ತಿತ್ತೇನ್ರಿ?”

“ದಿನಾ ಮುಂಜಾನಿ ಬಂದು ಬ್ಯಾಡ್ರಿ ಅಂತಿದ್ದ. ನೀರು ನೀರೇ ಅಲ್ಲೇನಲೇ ಅಂದೆ ನಾ.”

“ಮತ್ತ ಅಂಗಳದಾಗ ಯಾಕ ಸುಮ್ಮನಿದ್ದ?”

ಹೆಂಟೆಯನ್ನು ಬೆಂಚಿನ ಮೇಲಿಟ್ಟು ಅಂದರು: “ಬೀಗರ ಎದುರಿಗಿ ನನ್ನ ಮಾನ ಉಳಿಸ್ದ. ಮರುದಿನ ಬಂದು, ‘ಧಣಿ, ನಾ ಎಲ್ಲೂ ಬಾಯಿ ಬಿಡಂಗಿಲ್ಲ. ನನ್ನ ಮಗ ಖಾಲಿ ತಿರಗಲಿಕತ್ತಾನ, ವಾಡಿ ಉಸ್ತಾದನ ಬಲ್ಲಿ ಇಡಸ್ರಿ’ ಅಂದ. ಉಸ್ತಾದಗ ಹೇಳಿದವ ನಾನೇ.”

ಯಾರು ಕೇಳಿದ್ದರು ಅಪ್ಪಾ? ನಾನು ಕೇಳಿದ್ದೆನೇ? ಉಸ್ತಾದ್ ನನ್ನ ಕೈಗುಣ ನೋಡಿ ಕರೆದರು ಅಂತ ಏಳು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದೆ. ನಿನ್ನ ಹೆಸರು ಮಾರಿ ಕೊಡಿಸಿದ ಕೆಲಸ ಕಲಿತು, ಅದೇ ಬಾಯಿಂದ ನಿನ್ನನ್ನು ಬೈದೆ. ಬೈಸಿಕೊಳ್ಳುತ್ತ ಕೂತೆಯಲ್ಲ! ನನಗೊಬ್ಬನಿಗಾದರೂ ಹೇಳಬಹುದಿತ್ತು. ಕೆಮ್ಮಿ ಕೆಮ್ಮಿ ಮಲಗಿದ್ದಾಗ, ನಾನು ಔಷಧಿ ಕೊಟ್ಟು ಮುಖ ತಿರುಗಿಸಿದಾಗ, ಆಗಲಾದರೂ… ನಿನ್ನಂಥ ಹಟಮಾರಿಯನ್ನು ನಾನು ನೋಡಿಲ್ಲ. ಸಾಹುಕಾರರ ಮೇಲಿನ ಸಿಟ್ಟು ಒಂದು ಪಾಲಾದರೆ ನಿನ್ನ ಮೇಲಿನದು ಮೂರು ಪಾಲು. ನನ್ನ ಮೇಲಿನದನ್ನು ಅಳೆಯಲು ಹೋಗಿಲ್ಲ.

ಸಾಹುಕಾರರಿಗೆ ಒಂದೇ ಮಾತು ಹೇಳಿದೆ. “ನೀವು ಸ್ಟ್ಯಾಂಡಿಗಿ ಬಂದು ಇದನ್ನ ಎಲ್ಲರ ಮುಂದ ಹೇಳೋತನಕ ಈ ಹೆಡ್ ಕೂಡ್ಸಂಗಿಲ್ಲ.” ಭಾಳ ಕುಣಿದರು. ಬೇರೆ ಮೇಸ್ತ್ರಿಯನ್ನು ಕರೆಯುತ್ತೇನೆ ಅಂದರು. “ಕರೀರಿ, ಅಂವಗೂ ಇದೇ ರಾಡಿ ಸಿಗ್ತದ, ಊರಿಗೆಲ್ಲ ಗೊತ್ತಾಗ್ತದ” ಅಂದೆ.

ನಿನ್ನೆ ಮಧ್ಯಾಹ್ನ ಬಂದರು. ಶಹಾಬಾದಿನ ಸ್ಟ್ಯಾಂಡಿನಲ್ಲಿ, ಡ್ರೈವರುಗಳೆಲ್ಲ ಚಹಾ ಹಿಡಿದು ನಿಂತಿದ್ದಾಗ, ಹೇಳಿದರು. ಪೂರ್ತಿ ಹೇಳಿದರು, ನನ್ನ ಕೆಲಸದ ಮಾತನ್ನೂ ಬಿಡದೆ. ಇಮಾಮ್ ಚಾಚಾ ಕಪ್ಪು ಕೆಳಗಿಟ್ಟು ನನ್ನ ಭುಜ ಹಿಡಿದ. “ನಾನೂ ನಕ್ಕೀನಲ್ಲೋ ಬೇಟಾ, ನಾನೂ ನಕ್ಕೀನಿ” ಅಂತ ಅಳತೊಡಗಿದ.

ಬಾಯಿ ಬಿಡುವುದಿಲ್ಲ ಅಂತ ನೀನು ಮಾತು ಕೊಟ್ಟಿದ್ದೆ. ಸಾಯುವವರೆಗೂ ಉಳಿಸಿಕೊಂಡೆ. ಆ ಮಾತನ್ನು ನಾನು ಊರ ಮುಂದೆ ಮುರಿದು ಬಂದಿದ್ದೇನೆ, ನಿನ್ನನ್ನು ಕೇಳದೆ. ಸಿಟ್ಟು ಬಂದರೆ ಬೈ ಅಪ್ಪಾ. ಆದರೆ ಈ ಸಲವಾದರೂ ಬಾಯಿ ಬಿಟ್ಟು ಬೈ.

ನಿನ್ನ ಮಗ,
ಶರಣು