ನಲವತ್ತೊಂದನೆಯ ಪುಟದ ಸಾಲು

ಕ್ರಿ.ಶ. ೨೨೯೧, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ
ಗಜೇಂದ್ರಗಡ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ,

ನಿಮ್ಮ ಹತ್ತನೆಯ ತಲೆಮಾರಿನ ಶಿವಪುತ್ರನ ನಮಸ್ಕಾರಗಳು. ಈ ಪತ್ರ ಕೈಸೇರುವಾಗ ನಿಮಗಿನ್ನೂ ಇಪ್ಪತ್ತೊಂಬತ್ತು; ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು; ತಾರೀಖು ನೋಡಿ ಯಾರದೋ ಕುಚೇಷ್ಟೆ ಎನ್ನಿಸಬಹುದು, ನನ್ನ ಮಾತೂ ವಿಚಿತ್ರವಾಗಿ ಕಂಡೀತು, ಮನ್ನಿಸಿ. ಇದು ಹಿಂದಂಚೆಯಲ್ಲಿ ಬಂದಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ. ಆ ಕಚೇರಿಯವರನ್ನು ನಾನು ಪೂರ್ತಿ ನಂಬಿಲ್ಲ, ಲಕೋಟೆಯನ್ನು ಮೂರು ಸಲ ಅಂಟಿಸಿದ್ದೇನೆ. ನೀವೀಗ ತಿರುಗಾಡುತ್ತಿರುವ ಬೆಟ್ಟದ ನಾಡಿನ ಹೆಸರನ್ನೂ ಬರೆಯುವುದಿಲ್ಲ. ದಾರಿಯಲ್ಲಿ ಯಾರು ಒಡೆದು ಓದುತ್ತಾರೋ. ಸಂಶಯ ನನ್ನ ಹುಟ್ಟುಗುಣ. ಬಾಗಿಲಿಗೆ ಅಗುಳಿ ಹಾಕಿದ ಮೇಲೂ ಎದ್ದು ಹೋಗಿ ಮುಟ್ಟಿ ನೋಡದೆ ನನಗೆ ನಿದ್ದೆ ಬಾರದು.

ಈ ತಿರುಗಾಟದಲ್ಲಿ ನೀವು ಬರೆಯುತ್ತಿರುವ ನೀಲಿ ರಟ್ಟಿನ ನೋಟುಬುಕ್ಕು ನಮ್ಮ ಮನೆಯಲ್ಲಿ ಇಂದಿಗೂ ಇದೆ. ಹೋದ ತಿಂಗಳು ಅದನ್ನೇ ಹಿಡಿದುಕೊಂಡು ಅಕ್ಕ ದಾನಮ್ಮ ಮತ್ತು ನಾನು ಆ ನಾಡಿಗೆ ಹೋದೆವು. ಅಕ್ಕ ಕಂಬಳಿ ನೇಯುವವಳು. ನಮ್ಮ ಬಯಲಿನಲ್ಲಿ ಕುರಿ ಸಂತತಿ ಅಳಿದು ಎರಡು ತಲೆಮಾರಾಯಿತು; ಹಳೆಯ ಕಂಬಳಿ ಬಿಚ್ಚಿ ಆ ನೂಲಿನಿಂದಲೇ ಅವಳು ಹೊಸದು ನೇಯುತ್ತಿದ್ದಳು. ಆ ನಾಡಿನ ಘಾಟಿಯ ಆಚೆ ಕರಿಕುರಿ ಸಾಕುವವರಿದ್ದಾರೆ, ಎರಡು ಜೊತೆ ಮರಿ ತರಬೇಕೆಂದು ಅವಳ ಆಸೆ. ಅವರು ಐದು ದಿನದಲ್ಲಿ ಡೇರೆ ಕಿತ್ತು ಹೊರಡುವವರು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕಿತ್ತು.

ಘಾಟಿಯ ಈಚೆ ನಾವು ತಂಗಿದ್ದು ತೊಲ್ಗಾ ಎಂಬ ಮುದುಕಿಯ ನಡೆಮನೆಯಲ್ಲಿ. ನಡೆಮನೆ ಎಂದರೆ ಒತ್ತಿದ ಉಣ್ಣೆಯ ದುಂಡು ಮನೆ. ಕುದುರೆಯ ಮೇಲೆ ಹೇರಿಕೊಂಡು ವರ್ಷಕ್ಕೆ ಆರು ಸಲ ಜಾಗ ಬದಲಿಸುತ್ತಾರೆ. ಅದನ್ನು ಕಟ್ಟುವುದು ಬಿಚ್ಚುವುದು ಹೆಂಗಸರ ಕೆಲಸ, ಗಂಡಸರು ಚಹಾದ ಕಿಟ್ಲಿ ಹೊರುತ್ತಾರೆ. ಚಹಾಕ್ಕೆ ಉಪ್ಪು, ಬೆಣ್ಣೆ. ಒಲೆಗೆ ಒಣ ಸಗಣಿ. ಬೆಳಕು ಮಾತ್ರ ನಮ್ಮ ಕಾಲದ್ದು, ಹಗಲೆಲ್ಲ ಬಿಸಿಲು ಕುಡಿದು ಸಂಜೆ ಬೆಳಗುವ ಬಿಸಿಲುಬಟ್ಟೆ. ನಾವು ಎಲ್ಲಿಗೆ ಹೊರಟಿದ್ದೇವೆಂದು ಯಾರೂ ಕೇಳಲಿಲ್ಲ, ನನಗೆ ಆಗಲೇ ಅನುಮಾನ ಬಂತು. ಗೊತ್ತಿಲ್ಲದವರಿಗೆ ಇಷ್ಟು ಮೊಸರು ಯಾಕೆ ಬಡಿಸುತ್ತಾರೆ? ಮರುದಿನ ನೋಡಿದರೆ ನಮ್ಮ ಕುದುರೆಗಳ ಜೀನುಗಳೇ ಇಲ್ಲ.

ಆಗ ನಿಮ್ಮ ಪುಸ್ತಕ ತೆಗೆದೆ. ನಲವತ್ತೊಂದನೆಯ ಪುಟ, ನಿಮ್ಮ ದುಂಡಗಿನ ಅಕ್ಷರ: ಇಲ್ಲಿಯವರು ಅತಿಥಿಯ ಜೀನು ಕದಿಯುತ್ತಾರೆ, ಹುಡುಕಿಕೊಂಡು ಹೇಳದೆ ಹೊರಟುಬಿಡಬೇಕು. ಅಕ್ಕನಿಗೆ ಓದಿ ತೋರಿಸಿದೆ.

"ತಮ್ಮಾ, ಮೊಸರು ಉಣಿಸಿದವರನ್ನ ಕಳ್ಳರು ಅಂತೀಯಲ್ಲೋ. ತೊಲ್ಗಾ ಆಯಿನ್ನ ಒಂದು ಮಾತು ಕೇಳಿ ನೋಡೂಣು," ಎಂದಳು.

ನಾನು ಕೇಳಲಿಲ್ಲ. ಕಿವಿಯಲ್ಲಿ ಮಾತುಮಣಿ ಇತ್ತು, ಯಾವ ಭಾಷೆಯನ್ನೂ ಕನ್ನಡದಲ್ಲಿ ಹೇಳುವ ಮಣಿ, ಆದರೂ ಬಾಯಿ ಬಿಡಲಿಲ್ಲ. ಹವೆ ತೋರಿಸುವ ಗಾಜು ಆಕಾಶ ಶುಭ್ರ ಎಂದಿತು, ಅದನ್ನು ನಂಬಿದೆ. ಮನೆಯವರು ನೀರಿಗೆ ಹೋದಾಗ ಉಣ್ಣೆಯ ರಾಶಿಯಡಿ ಜೀನುಗಳು ಸಿಕ್ಕವು. ಅಕ್ಕನನ್ನು ಗದರಿಸಿ ಹೊರಡಿಸಿದೆ. ಮಧ್ಯಾಹ್ನಕ್ಕೆ ಘಾಟಿಯ ನೆತ್ತಿಯಲ್ಲಿದ್ದೆವು. ಅಲ್ಲಿ ಹಿಮ ಬಿತ್ತು. ನನ್ನ ಹಿಂದೆ ಬರುತ್ತಿದ್ದ ಅಕ್ಕನ ಕುದುರೆಯ ಗಂಟೆ ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ನಮ್ಮನ್ನು ಹುಡುಕಿಕೊಂಡು ಬಂದವಳು ತೊಲ್ಗಾ. ಆ ವಯಸ್ಸಿನಲ್ಲಿ ಎರಡು ದಿನ ಹಿಮ ಅಗೆದಳು, ಬಲಗೈಯ ಎರಡು ಬೆರಳು ಕಳೆದುಕೊಂಡಳು. ಅಕ್ಕ ಸಿಗಲಿಲ್ಲ. ಆಮೇಲೆ ಮುದುಕಿ ನನಗೆ ಹೇಳಿದ್ದಿಷ್ಟು: "ಅತಿಥಿಯ ಮುಂದೆ ನಾವು ಹಿಮದ ಹೆಸರು ಎತ್ತುವುದಿಲ್ಲಪ್ಪ, ಎತ್ತಿದರೆ ಅದನ್ನು ಕರೆದಂತೆ. ಘಾಟಿ ಕೆಟ್ಟಿದ್ದರೆ ಜೀನು ಬಚ್ಚಿಡುತ್ತೇವೆ. ತಿಳಿಯಾದ ದಿನ ಹೊಸಿಲಲ್ಲಿ ತಂದಿಡುತ್ತೇವೆ. ನೀನು ಕೇಳಿದ್ದರೆ ಏನಾದರೂ ನೆಪ ಹೇಳಿ ಇನ್ನೆರಡು ದಿನ ಇಟ್ಟುಕೊಳ್ಳುತ್ತಿದ್ದೆ." ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಜ್ಜಿ. ನೀವೂ ಹಾಗೆಯೇ ಹೊರಟಿರಿ, ಅಂದು ನಿಮ್ಮ ಅದೃಷ್ಟಕ್ಕೆ ಹಿಮ ಬೀಳಲಿಲ್ಲ, ಅದಕ್ಕೇ ನಿಮ್ಮದೇ ಸರಿ ಎಂದು ಬರೆದಿಟ್ಟಿರಿ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ನೀವು ಬರೆದದ್ದು ಒಂದೇ ಸಾಲು, ಪಕ್ಕದಲ್ಲೇ ಇದ್ದ ಅಕ್ಕನ ಮಾತು ಬಿಟ್ಟು ಅದನ್ನು ನಂಬಿದವನು ನಾನು.

ಇದು ನನಗೆ ಹಳೆಯ ಕಥೆ, ನಿಮಗೆ ಇನ್ನೂ ನಡೆದಿಲ್ಲ; ಆದ್ದರಿಂದ ಕೇಳಿಕೊಳ್ಳುತ್ತೇನೆ. ನಾಳೆ ನಿಮ್ಮ ಜೀನು ಕಾಣೆಯಾಗುತ್ತದೆ. ಹುಡುಕಬೇಡಿ. ಇನ್ನೊಂದು ಲೋಟ ಉಪ್ಪು ಚಹಾ ಕುಡಿದು ಕುಳಿತಿರಿ. ನಲವತ್ತೊಂದನೆಯ ಪುಟದಲ್ಲಿ ಬೇರೆ ಏನಾದರೂ ಬರೆಯಿರಿ, ಮೊಸರಿನ ರುಚಿಯನ್ನಾದರೂ ಬರೆಯಿರಿ.

ಪತ್ರ ಹಾಕಿ ಬಂದು ಆ ಪುಟವನ್ನು ಮತ್ತೆ ತೆರೆಯುತ್ತೇನೆ. ಸಾಲು ಹಾಗೇ ಇದ್ದರೆ ನೀವು ನನ್ನನ್ನು ನಂಬಲಿಲ್ಲ ಎಂದು ತಿಳಿಯುತ್ತೇನೆ. ನೀವೂ ನಮ್ಮ ಮನೆತನದವರೇ ತಾನೆ, ಆಶ್ಚರ್ಯವೇನಿಲ್ಲ. ಆದರೆ ನಂಬಿದರೆ ಅಕ್ಕ ಯಾವ ಹೊತ್ತಿನಲ್ಲಿ ಬರುತ್ತಾಳೋ ಗೊತ್ತಿಲ್ಲ, ಕೈಯಲ್ಲಿ ಮರಿಗಳಿರುತ್ತವೆ. ಇವತ್ತು ಬಾಗಿಲಿಗೆ ಅಗುಳಿ ಹಾಕುವುದಿಲ್ಲ.

ನಿಮ್ಮ ವಂಶದ ಕುಡಿ,
ಶಿವಪುತ್ರ