ಪಾಸಿಗಾಗಿ ಮುಚ್ಚಿದ ಬಾಗಿಲು

ಸೊಲ್ಲಾಪುರ
೩ ಫೆಬ್ರುವರಿ ೧೯೭೬, ಮಂಗಳವಾರ. ಮಧ್ಯಾಹ್ನ ೩

ಇವತ್ತೂ ಹೋಲ್‌ಸೇಲ್ ಗೋದಾಮಿನಿಂದ ಮಾಲು ಬರಲಿಲ್ಲ. ಹನ್ನೊಂದನೇ ದಿನ. ಕಪಾಟಿನಲ್ಲಿ ಆರು ಬಾಟಲಿ ಜಿನ್ ಉಳಿದಿದೆ. ಅದನ್ನು ಈ ಊರಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಬಂದ ಗಿರಾಕಿ ಕುಡಿಯಲು ಸರಕಾರ ಕೊಟ್ಟ ಪರ್ಮಿಟ್ ತೆಗೆದು ಮೇಜಿನ ಮೇಲಿಡುತ್ತಾನೆ, ನಾನು ಶೇಂಗಾ ಮತ್ತು ಸೋಡಾ ಇಡುತ್ತೇನೆ. ಗಿರಣಿಯ ಕಾರಕೂನನೊಬ್ಬ ಕೇಳಿಯೇಬಿಟ್ಟ: "ಶಾಂತಪ್ಪ ಸಾವಕಾರ್ರ, ಇದು ಪರ್ಮಿಟ್ ರೂಮೋ, ಶೇಂಗಾದ ಅಂಗಡಿಯೋ?" ಇನ್ನಷ್ಟು ಶೇಂಗಾ ಇಟ್ಟೆ.

ಹೊಟ್ಟೆ ಉರಿಯುವುದು ಇದಕ್ಕೆ — ಗೋಡೆಯ ಆಚೆಯೇ ಅಣ್ಣ ಸಾತಲಿಂಗಪ್ಪನ ವೈನ್ ಶಾಪು. ರಮ್ಮಿನ ಪೆಟ್ಟಿಗೆಗಳು ಮಾಳಿಗೆ ಮುಟ್ಟಿವೆ. ನಾನು ಕೊಳ್ಳುವಂತಿಲ್ಲ. ನನ್ನಂಥ ಪರ್ಮಿಟ್ ರೂಮಿನವನು ಹೋಲ್‌ಸೇಲಿನಲ್ಲೇ ಕೊಳ್ಳಬೇಕು. ಚಿಲ್ಲರೆ ಅಂಗಡಿಯಿಂದ ಬೇಕೆಂದರೆ ಎಕ್ಸೈಸ್ ಸಾಹೇಬರ ಮಂಜೂರಿ, ಮೇಲೆ ಪ್ರತಿ ಸಲ ಸಾಗಾಟದ ಪಾಸು. ಹನ್ನೆರಡು ಹೆಜ್ಜೆಗೆ ಪಾಸು...

೫ ಫೆಬ್ರುವರಿ, ಗುರುವಾರ

ಎಕ್ಸೈಸ್ ಆಫೀಸಿಗೆ ಹೋಗಿ ಬಂದೆ. ಎಮರ್ಜೆನ್ಸಿ ಬಂದಾಗಿನಿಂದ ಎಲ್ಲರೂ ಹತ್ತಕ್ಕೇ ಬಂದು ಕೂರುತ್ತಾರೆ. ಕೆಲಸ ಮಾತ್ರ ಮೊದಲಿನ ಹಾಗೆಯೇ. ಅರ್ಜಿ ಮೂರು ಪ್ರತಿ, ಜಾಗದ ನಕಾಶೆ, ಜಾಗ ನನ್ನದೆಂಬ ಮಾಲಕಿಯ ಕಾಗದ ತರಬೇಕಂತೆ.

ಕಸ್ತೂರಬಾಯಿ ಊಟಕ್ಕೆ ಬಡಿಸುತ್ತಾ ಅಂದಳು, "ಇಷ್ಟ್ಯಾಕ ತ್ರಾಸ ತಗೋತೀರಿ? ನಡುವಿನ ಬಾಗಲದಾಗಿಂದ ಭಾವನವರು ಎರಡು ಪೆಟ್ಟಿಗಿ ಇತ್ತಾಗ ಸರಿಸಿದ್ರ ಮುಗೀತು. ಯಾರ್ ನೋಡ್ತಾರ?"

"ಕಾಯದೇಶೀರ ಮಾಡೂಣು, ಪಾಸು ತಗೊಂಡು" ಅಂದೆ. ಹೆಂಡತಿಗೆ ಬುದ್ಧಿ ಹೇಳಿದ ಹೆಮ್ಮೆ ಬೇರೆ.

ಆ ಬಾಗಿಲು ಇರುವುದು ಅವ್ವನಿಗಾಗಿ. ಎಪ್ಪತ್ತಮೂರರಲ್ಲಿ ವಾಟಣಿ ಆಗಿ ಮನೆ ಪಾಲಾದಾಗ ಅಪ್ಪನ ವಾಡೆಯ ನಡುವೆ ಗೋಡೆ ಎದ್ದಿತು. ಮುಂದೆ ಇಬ್ಬರ ಅಂಗಡಿ, ಹಿಂದೆ ಇಬ್ಬರ ಮನೆ. ಅವ್ವ ಉಣ್ಣುವುದು, ಮಲಗುವುದು ನನ್ನ ಪಾಲಿನಲ್ಲಿ. ದೇವರ ಜಗಲಿ ಅಣ್ಣನ ಪಾಲಿಗೆ ಹೋಯಿತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗೋಡೆ ಸವರುತ್ತಾ ಆ ಬಾಗಿಲು ದಾಟಿ ಪೂಜೆಗೆ ಹೋಗುತ್ತಾಳೆ. ಕಣ್ಣು ಅಷ್ಟಕ್ಕಷ್ಟೇ. ಬಾಗಿಲು ಗೊತ್ತು ಅವಳ ಕೈಗೆ.

೧೩ ಫೆಬ್ರುವರಿ, ಶುಕ್ರವಾರ

ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಮಾಲಕಿಯ ಕಾಗದ ಅಂತ ವಾಟಣಿ ಪತ್ರವನ್ನೇ ವಸ್ತ್ರದಲ್ಲಿ ಕಟ್ಟಿಕೊಂಡು ಒಯ್ದೆ. ಓದಿ ನೋಡಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬ ಓದಿದ. ಕೊನೆಯ ಸಾಲಿಗೆ ಬಂದು ಬೆರಳಿಟ್ಟ. ಪಂಚರು ಮರಾಠಿಯಲ್ಲಿ ಬರೆಸಿದ್ದು: "ಆಈಚ್ಯಾ ಜಾಣ್ಯಾಯೇಣ್ಯಾಸಾಠೀ ಮಧಲೇ ದಾರ ಕಾಯಮ ಉಘಡೇ ರಾಹೀಲ." ತಾಯಿ ಹೋಗಿಬರುವುದಕ್ಕಾಗಿ ನಡುವಿನ ಬಾಗಿಲು ಕಾಯಂ ತೆರೆದಿರಬೇಕು. ಕೆಳಗೆ ಅಣ್ಣನದೂ ನನ್ನದೂ ಸಹಿ.

ಮಾರುವವನ ಜಾಗಕ್ಕೂ ಕೊಳ್ಳುವವನ ಜಾಗಕ್ಕೂ ಒಳದಾರಿ ಇದ್ದರೆ ಪಾಸು ಯಾತಕ್ಕೆ, ಅಂತ ಕೇಳಿದ. ಮಂಜೂರಿ ಸಿಗುವುದಿಲ್ಲ. ಅಷ್ಟೇ ಅಲ್ಲ, ಹದಿನೈದು ದಿನದಲ್ಲಿ ಬಾಗಿಲು ಇಟ್ಟಿಗೆ ಕಟ್ಟಿ ಮುಚ್ಚದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ಎರಡೂ ಲೈಸೆನ್ಸ್ ರದ್ದು. ನನ್ನದೂ, ಅಣ್ಣನದೂ.

ಮೂರು ವರ್ಷದಿಂದ ತಪಾಸಣೆಗೆ ಬಂದ ಒಬ್ಬನೂ ಹಿಂದಿನ ಮನೆಗೆ ಕಾಲಿಟ್ಟಿರಲಿಲ್ಲ.

ಅದೇ ದಿನ, ಸಂಜೆ

ಅಣ್ಣನಿಗೆ ಹೇಳಿದೆ. ಕೇಳುವವರೆಗೂ ಕೇಳಿ ಒಂದೇ ಮಾತು: "ಅವ್ವನ ಬಾಗಲಾ ಒಯ್ದು ಸಾಹೇಬನ ಮೇಜಿನ ಮ್ಯಾಲ ಇಟ್ಟು ಬಂದಿ ನೀ." ಆಮೇಲೆ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು ಕೂತ.

೨೬ ಫೆಬ್ರುವರಿ, ಗುರುವಾರ

ಅಮೋಗಸಿದ್ಧ ಗೌಂಡಿ ಬಂದು ಇಟ್ಟಿಗೆ ಇಟ್ಟು ಬಾಗಿಲು ಮುಚ್ಚಿದ. ಅರ್ಧ ದಿನದ ಕೆಲಸ. ಅವ್ವ ಕೊನೆಯವರೆಗೂ ನಿಂತಿದ್ದಳು.

"ನಾಳಿ ಪೂಜಾಕ್ಕ ಹ್ಯಾಂಗ ಹೋಗ್ಲೋ ಶಾಂತಾ?"

"ಮುಂದಿನ ರಸ್ತಾದ ಮ್ಯಾಲ ಹೋಗವ್ವ. ಕಸ್ತೂರಿ ಕೈ ಹಿಡಕೋತಾಳ."

"ವಿಭೂತಿ ಹಚ್ಕೊಂಡು ಕುಡ್ಯಾವ್ರ ನಡುವ ಹಾಯ್ದು ಹೋಗ್ಲಿ?"

ಹಾಗಿದ್ದರೆ ಅಣ್ಣನ ಕಡೆಗೇ ಇರು, ನನಗೇನೂ ಬೇಸರವಿಲ್ಲ ಎಂದೆ. ಸುಳ್ಳು. ಅವ್ವ ತಲೆ ಅಲ್ಲಾಡಿಸಿದಳು. "ಒಬ್ಬಾಂವನ್ನ ಬಿಟ್ಟು ಒಬ್ಬಾಂವನ್ನ ಹಿಡಿ ಅಂದ್ರ ನನ್ನ ಕೈಲೆ ಆಗಂಗಿಲ್ಲ."

೨ ಮಾರ್ಚ್, ಮಂಗಳವಾರ

ಅವ್ವ ಅಕ್ಕಲಕೋಟೆಗೆ ಹೋದಳು, ನನ್ನ ತಂಗಿ ಗಿರಿಜಾಬಾಯಿಯ ಮನೆಗೆ. ಎಸ್‌ಟಿ ಬಸ್ಸು ಹತ್ತಿಸಲು ಅಣ್ಣನೂ ಬಂದಿದ್ದ. ನಾನು ಒಂದು ಕಿಟಕಿಯ ಹತ್ತಿರ, ಅವನು ಇನ್ನೊಂದರ ಹತ್ತಿರ. "ಬಾಗಲಾ ತಗದ ಮ್ಯಾಲ ಕರೀಲಿಕ್ಕ ಬರ್ರಿ" ಅಂದಳು. ಯಾರಿಗೆ ಅಂದಳೋ.

೧೯ ಮಾರ್ಚ್, ಶುಕ್ರವಾರ

ಮಂಜೂರಿ ಬಂತು. ಪಾಸೂ ಬಂತು. ವಾಹನದ ಕಾಲಮಿನಲ್ಲಿ "ಕೈಗಾಡಿ" ಎಂದು ಬರೆಸಿದರು. ಮಾರ್ಗ: ಅಂಗಡಿಯ ಮುಂಬಾಗಿಲು — ರಸ್ತೆ — ಪರ್ಮಿಟ್ ರೂಮಿನ ಮುಂಬಾಗಿಲು. ಹನ್ನೆರಡು ಹೆಜ್ಜೆಗೆ ಬಾಡಿಗೆ ಗಾಡಿ ತಂದೆ. ಓಣಿಯವರೆಲ್ಲ ನಿಂತು ನಕ್ಕರು. ಅಣ್ಣ ಪಾಸಿನ ಮೇಲೆ ಸಹಿ ಹಾಕಿದ, ಮುಖ ಎತ್ತಲಿಲ್ಲ.

ಸಂಜೆ ರೂಮು ತುಂಬಿತ್ತು. ಕಾರಕೂನ ಬಂದಿದ್ದ, ಬಹಳ ಖುಷಿಯಲ್ಲಿದ್ದ. ನನಗೆ ಅವನ ಗ್ಲಾಸು ಕಿತ್ತುಕೊಂಡು ಬೀದಿಗೆ ಎಸೆಯಬೇಕು ಅನ್ನಿಸಿತು.

೨೩ ಮಾರ್ಚ್, ಮಂಗಳವಾರ. ಅಕ್ಕಲಕೋಟೆ

ಅವ್ವ ಇಳಿದುಹೋಗಿದ್ದಾಳೆ. ಗಿರಿಜಾ ಒಳಗೆ ಕರೆದು ಹೇಳಿದಳು, "ದಿನಾ ಮುಂಜಾನಿ ಜಳಕಾ ಮಾಡಿ ಗ್ವಾಡಿ ಸವರಕೊಂತ ಹೋಗ್ತಾಳಣ್ಣಾ. ಬಾಗಲಾ ಹುಡುಕ್ತಾಳ. ಮೂಲಿಗಿ ಹೋಗಿ ನಿಂತಬಿಡ್ತಾಳ. ನಾ ಹೋಗಿ ಕೈ ಹಿಡೀಬೇಕು."

ನನ್ನ ದನಿ ಕಿವಿಗೆ ಬಿದ್ದದ್ದೇ ಅವ್ವ ಕೇಳಿದಳು, "ತಗದ್ರ್ಯಾ?"

"ಇಲ್ಲವ್ವ."

"ಮತ್ಯಾಕ ಬಂದಿ? ಉಂಡು ಹೋಗು."

ಉಂಡೆ. ಬಸ್ಸಿನಲ್ಲಿ ಅತ್ತೆ. ಯಾರೂ ನೋಡಲಿಲ್ಲ.

೩೦ ಮಾರ್ಚ್, ಮಂಗಳವಾರ. ಮಧ್ಯಾಹ್ನ ೪

ನಾಳೆ ಸಾಹೇಬ ಗೋಡೆ ನೋಡಲು ಬರುತ್ತಾನೆ. ಗೋಡೆ ಇದ್ದರೆ ಲೈಸೆನ್ಸ್ ಇದೆ.

ಅಮೋಗಸಿದ್ಧನ ಹಾರೆ ಕೇಳಿ ತಂದೆ. "ಕಟ್ಟಿ ಎರಡ ತಿಂಗಳ ಸೈತ ಆಗಿಲ್ಲಲ್ರಿ ಸಾವಕಾರ್ರ" ಅಂದ. ಕೊಟ್ಟ.

ಕಸ್ತೂರಬಾಯಿಗೆ ಹೇಳಿದೆ, ಲೈಸೆನ್ಸ್ ಹೋದರೆ ಹೋಗಲಿ, ಖಾನಾವಳಿ ಹಾಕೋಣ, ನೀನು ರೊಟ್ಟಿ ಬಡಿ. ಅವಳು ಗೋಡೆಯ ಹತ್ತಿರವಿದ್ದ ಕೊಡಗಳನ್ನು ಒಂದೊಂದೇ ಈಚೆ ಸರಿಸಿಟ್ಟಳು.

ನಾಲ್ಕು ಏಟು ಹಾಕಿದೆ. ಗಿಲಾಯಿಯ ಗಾರೆ ಉದುರಿತು, ಇಟ್ಟಿಗೆ ಅಲುಗಲಿಲ್ಲ. ಗೌಂಡಿ ಒಳ್ಳೆಯವನು, ಹಾಳಾದವನು. ಉಬ್ಬಸ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಒಂದೇ ಅಳುಕು — ಅಣ್ಣನನ್ನು ಕೇಳಿಲ್ಲ. ಅವನ ಲೈಸೆನ್ಸೂ ಹೋಗುತ್ತದೆ. ಅವನಿಗೆ ಮೂರು ಹೆಣ್ಣುಮಕ್ಕಳು. ಹೋಗಿ ಕೇಳಬೇಕು. ಬೇಡ ಅಂದರೆ? ಏನೆಂದು ಕೇಳಲಿ, ತಿಂಗಳಿಂದ ಮಾತೇ ಇಲ್ಲ...

ಸದ್ದು. ನನ್ನ ಏಟಲ್ಲ, ಹಾರೆ ನನ್ನ ಕಾಲ ಮೇಲಿದೆ. ಕಸ್ತೂರಿ ಕೈಯಲ್ಲಿ ಕೊಡ ಹಿಡಿದು ನಿಂತಿದ್ದಾಳೆ. ಮತ್ತೆ ಸದ್ದು. ಆ ಕಡೆಯಿಂದ. ಮೇಲಿನ ಇಟ್ಟಿಗೆ ನನ್ನ ಕಡೆಗೆ ಸರಿಯುತ್ತಿದೆ. ಅಣ್ಣ—